ನಾಟಕದ ಮೇಲಿನ ಜಿಎಸ್‌ಟಿ: ಸಚಿವರಿಗೆ ಪ್ರಶ್ನೆ ಹಾಕಿಸಿದರೆ ಏನಾದರೂ ಆಗುತ್ತಾ?

ಪ್ರಶ್ನೆ: ನಮ್ಮದು ಸಣ್ಣ ಹವ್ಯಾಸಿ ನಾಟಕ ತಂಡ. ಹೊಸ ನಾಟಕಗಳನ್ನೇ ಆಡುತ್ತೇವೆ. ಸಭಾಂಗಣದ ಬಾಡಿಗೆ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ, ಟಿಕೆಟ್ ಮಾರಿ ಬಂದ ದುಡ್ಡು ಅಲ್ಲಿಗೇ ಸರಿಹೋಗುತ್ತದೆ. ನಮ್ಮ ಸಂಸದರ ಹತ್ತಿರ ಹೇಳಿಕೊಂಡೆವು. ‘ಬರೆದು ಕೊಡಿ, ಲೋಕಸಭೆಯಲ್ಲಿ ಸಂಸ್ಕೃತಿ ಸಚಿವರಿಗೆ ಪ್ರಶ್ನೆ ಹಾಕುತ್ತೇನೆ’ ಅಂದರು. ನಾವು ಬರೆದದ್ದು ಇದು: ‘ಕಲೆ ಉಳಿಸುವ ಮಾತಾಡುತ್ತಲೇ ಸರ್ಕಾರ ರಂಗಭೂಮಿಯವರ ಹೊಟ್ಟೆ ಮೇಲೆ ಹೊಡೆಯುತ್ತಿರುವುದು ಸಚಿವರ ಗಮನಕ್ಕೆ ಬಂದಿದೆಯೇ? ನಾಟಕಕ್ಕೆ ಪೂರ್ತಿ ತೆರಿಗೆ ವಿನಾಯಿತಿ ಕೊಡುತ್ತೀರಾ?’ ಇದು ಸರಿ ಇದೆಯಾ? ಹಳೆಯ ಪ್ರಶ್ನೋತ್ತರಗಳನ್ನು ಓದಿದೆ. ಎಲ್ಲ ಕಡೆ ‘ಪ್ರಸ್ತಾವ ಇಲ್ಲ’, ‘ಪರಿಶೀಲನೆಯಲ್ಲಿದೆ’, ‘ಉದ್ಭವಿಸುವುದಿಲ್ಲ’. ಸುಮ್ನೆ ಹೊತ್ತು ಕಳೆಯೋ ಕೆಲಸ ಅಲ್ವಾ? ಅದಕ್ಕಿಂತ ನಮ್ಮ ಶಾಸಕರನ್ನು ಹಿಡಿಯೋದೇ ವಾಸಿನಾ?

ಉತ್ತರ: ಮೊದಲು ನಿಮ್ಮ ಕರಡಿನ ಕಥೆ ಹೇಳಿಬಿಡುತ್ತೇನೆ. ಅದು ಸಚಿವರ ತನಕ ಹೋಗುವುದೇ ಇಲ್ಲ. ಲೋಕಸಭೆಯ ಸಚಿವಾಲಯದಲ್ಲೇ ಬಿದ್ದುಹೋಗುತ್ತದೆ.

ಯಾಕೆ ಅಂದರೆ, ಯಾವ ಪ್ರಶ್ನೆಯನ್ನು ಒಳಗೆ ಬಿಡಬೇಕು, ಯಾವುದನ್ನು ಬಿಡಬಾರದು ಅಂತ ಲೋಕಸಭೆಯ ನಡಾವಳಿ ನಿಯಮ 41ರಲ್ಲಿ ಉದ್ದದ ಪಟ್ಟಿಯೇ ಇದೆ. ಪ್ರಶ್ನೆಯಲ್ಲಿ ವಾದ ಇರಬಾರದು. ಚುಚ್ಚುಮಾತು, ವ್ಯಂಗ್ಯ, ಆರೋಪ ಇರಬಾರದು. ಅಭಿಪ್ರಾಯ ಕೇಳಬಾರದು. 150 ಪದ ದಾಟಬಾರದು. ಕೋರ್ಟಿನಲ್ಲಿರುವ ವಿಷಯ ಕೆದಕಬಾರದು. ಒಂದು ಉತ್ತರದಲ್ಲಿ ಹಿಡಿಸಲಾರದಷ್ಟು ದೊಡ್ಡ ನೀತಿಯ ಪ್ರಶ್ನೆಯನ್ನೂ ಎತ್ತಬಾರದು. ‘ಹೊಟ್ಟೆ ಮೇಲೆ ಹೊಡೆಯುತ್ತಿರುವುದು’ ಅನ್ನುವುದು ಭಾಷಣಕ್ಕೆ ಚೆನ್ನ, ನಾಟಕಕ್ಕೆ ಇನ್ನೂ ಚೆನ್ನ. ಪ್ರಶ್ನೆಯೊಳಗೆ ಬಂದರೆ ಅದನ್ನು ಹೊಡೆದು ಹಾಕುತ್ತಾರೆ, ಇಲ್ಲವೇ ಪ್ರಶ್ನೆಯನ್ನೇ ವಾಪಸ್ ಕಳಿಸುತ್ತಾರೆ.

ಇನ್ನು ‘ಪೂರ್ತಿ ವಿನಾಯಿತಿ ಕೊಡುತ್ತೀರಾ?’ ಇದು ಒಳಗೆ ಹೋದರೂ ಉತ್ತರ ನಾನೇ ಈಗಲೇ ಬರೆದು ಕೊಡಬಲ್ಲೆ: ‘ಸದ್ಯಕ್ಕೆ ಅಂಥ ಯಾವುದೇ ಪ್ರಸ್ತಾವ ಪರಿಶೀಲನೆಯಲ್ಲಿಲ್ಲ.’ ಹೌದೋ ಅಲ್ಲವೋ ಅಂತ ಕೇಳಿದವರಿಗೆ ಸರ್ಕಾರ ‘ಅಲ್ಲ’ ಅಂದು ಕೈತೊಳೆದುಕೊಳ್ಳುತ್ತದೆ. ಅದರಲ್ಲಿ ತಪ್ಪೂ ಇಲ್ಲ. ಸಚಿವರು ಸದನದಲ್ಲಿ ನಿಂತು ಹೊಸ ತೆರಿಗೆ ನೀತಿ ಘೋಷಿಸುವ ಜಾಗ ಪ್ರಶ್ನೋತ್ತರ ವೇಳೆ ಅಲ್ಲ. ಇರುವ ಸಂಗತಿಯನ್ನು ಸರ್ಕಾರದ ಬಾಯಿಂದ ಹೊರಗೆ ತೆಗೆಸುವ ಜಾಗ ಅದು. ಇಷ್ಟು ತಲೆಯಲ್ಲಿಟ್ಟುಕೊಂಡರೆ ನಿಮ್ಮ ಕರಡು ತಾನಾಗಿ ಬದಲಾಗುತ್ತದೆ.

ಈಗ ಪ್ರಶ್ನೆ ಯಾರಿಗೆ ಹಾಕಬೇಕು ಅನ್ನೋದು. ನಿಮ್ಮ ಸಂಸದರು ಸಂಸ್ಕೃತಿ ಸಚಿವರಿಗೆ ಅಂದಿದ್ದಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಸಂಸ್ಕೃತಿ ಸಚಿವಾಲಯದ ಕೈಯಲ್ಲಿ ತೆರಿಗೆ ಇಲ್ಲ. ಅಲ್ಲಿಗೆ ಹೋದರೆ ಕಲಾವಿದರಿಗೆ ಇರುವ ಯೋಜನೆಗಳ ಹೆಸರು, ರಂಗ ತಂಡಗಳಿಗೆ ಕೊಡುವ ಅನುದಾನದ ವಿವರ, ಒಂದು ಅನುಬಂಧ, ಇಷ್ಟು ಬರುತ್ತದೆ. ಕೊನೆಯಲ್ಲಿ ತೆರಿಗೆ ವಿಷಯ ಹಣಕಾಸು ಸಚಿವಾಲಯಕ್ಕೆ ಸೇರಿದ್ದು ಅನ್ನುವ ಒಂದು ಸಾಲು. ಇಲ್ಲವಾದರೆ ಪ್ರಶ್ನೆಯನ್ನೇ ಆ ಕಡೆ ವರ್ಗಾಯಿಸುತ್ತಾರೆ.

ಇದು ಸಂಸ್ಕೃತಿಗೆ ಸಂಬಂಧಪಟ್ಟ ಪ್ರಶ್ನೆಗಳಲ್ಲಿ ಪದೇ ಪದೇ ಆಗುವ ಎಡವಟ್ಟು. ಶಾಸ್ತ್ರೀಯ ಕನ್ನಡದ ವಿಷಯವನ್ನೇ ತೆಗೆದುಕೊಳ್ಳಿ. 2008ರ ಅಕ್ಟೋಬರ್ 31ರಂದು ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಸಿಕ್ಕಿತು. ಆ ಸ್ಥಾನ ಕೊಡುವ ಅಧಿಸೂಚನೆ ಸಂಸ್ಕೃತಿ ಸಚಿವಾಲಯದ ಕೆಲಸ. ಆದರೆ ಮೈಸೂರಿನ ಶಾಸ್ತ್ರೀಯ ಕನ್ನಡ ಅಧ್ಯಯನ ಕೇಂದ್ರಕ್ಕೆ ದುಡ್ಡು ಬರುವುದು ಶಿಕ್ಷಣ ಸಚಿವಾಲಯದ ದಾರಿಯಲ್ಲಿ, ಭಾರತೀಯ ಭಾಷಾ ಸಂಸ್ಥಾನದ ಮೂಲಕ. ಈ ವ್ಯತ್ಯಾಸ ಗೊತ್ತಿಲ್ಲದೆ ‘ಕನ್ನಡಕ್ಕೆ ಎಷ್ಟು ಕೊಟ್ಟಿರಿ’ ಅಂತ ಸಂಸ್ಕೃತಿ ಸಚಿವರನ್ನು ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಕೇಳಿದವರಿಗೆ ಮೋಸ ಹೋದ ಹಾಗೆ ಅನ್ನಿಸುತ್ತದೆ. ನಿಜಕ್ಕೂ ಅವರು ತಪ್ಪು ಬಾಗಿಲು ತಟ್ಟಿರುತ್ತಾರೆ, ಅಷ್ಟೇ.

ಹಾಗಾದರೆ ಹಣಕಾಸು ಸಚಿವರಿಗೆ ಹಾಕೋಣ ಅಂತೀರಿ. ಹಾಕಿ. ಆದರೆ ಅಲ್ಲಿಂದಲೂ ಒಂದು ಸಿದ್ಧ ವಾಕ್ಯ ಬರುತ್ತದೆ: ಜಿಎಸ್‌ಟಿ ದರ ಮತ್ತು ವಿನಾಯಿತಿಗಳು ಜಿಎಸ್‌ಟಿ ಮಂಡಳಿಯ ಶಿಫಾರಸಿನ ಮೇಲೆ ನಿಗದಿಯಾಗುತ್ತವೆ, ಅದು ಕೇಂದ್ರ ಮತ್ತು ರಾಜ್ಯಗಳ ಪ್ರತಿನಿಧಿಗಳಿರುವ ಸಾಂವಿಧಾನಿಕ ಸಂಸ್ಥೆ. ನೀವು ಓದಿದ ಹಳೆಯ ಉತ್ತರಗಳಲ್ಲೂ ಇದು ಇದ್ದಿರಬೇಕು. ಓದುವವರಿಗೆ ಇದು ಜಾರಿಕೊಳ್ಳುವ ಮಾತು ಅನ್ನಿಸುತ್ತದೆ. ಅರ್ಧ ಹಾಗೂ ಹೌದು, ಅರ್ಧ ನಿಜವೂ ಹೌದು.

ನಿಜ ಯಾವುದು ಅಂದರೆ, 2016ರ 101ನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 279ಎ ವಿಧಿ ಸೇರಿತು. ಅದರ ಪ್ರಕಾರ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ಭಾಗದ ತೂಕ, ಎಲ್ಲ ರಾಜ್ಯಗಳ ಮತಕ್ಕೂ ಸೇರಿ ಮೂರನೇ ಎರಡು ಭಾಗದ ತೂಕ. ಯಾವ ತೀರ್ಮಾನಕ್ಕೂ ಮುಕ್ಕಾಲು ಪಾಲು ಬೆಂಬಲ ಬೇಕು. ಲೆಕ್ಕ ಹಾಕಿ ನೋಡಿ. ಕೇಂದ್ರ ಒಬ್ಬರೇ ಏನೂ ಮಾಡಲಾಗದು. ರಾಜ್ಯಗಳೆಲ್ಲ ಸೇರಿದರೂ ಕೇಂದ್ರ ಒಪ್ಪದೆ ಮುಕ್ಕಾಲು ಮುಟ್ಟದು. ಹಾಗಾಗಿ ‘ಮಂಡಳಿ ತೀರ್ಮಾನಿಸುತ್ತದೆ’ ಅನ್ನುವ ಮಾತಿನಲ್ಲಿ ಕೇಂದ್ರದ ಹಣಕಾಸು ಸಚಿವರೂ ಇದ್ದಾರೆ, ಬೆಂಗಳೂರಿನಿಂದ ಹೋಗುವ ರಾಜ್ಯದ ಪ್ರತಿನಿಧಿಯೂ ಇದ್ದಾರೆ. ಮಂಡಳಿಯ ಅಧ್ಯಕ್ಷತೆ ಕೇಂದ್ರ ಹಣಕಾಸು ಸಚಿವರದ್ದೇ. ಮಂಡಳಿಯ ಕಡೆ ಬೆರಳು ತೋರಿಸುವವರು ಆ ಮೇಜಿನ ತುದಿಯಲ್ಲೇ ಕೂತಿರುತ್ತಾರೆ.

ಹಾಗಾಗಿ ಕೇಳಬೇಕಾದದ್ದು ‘ವಿನಾಯಿತಿ ಕೊಡುತ್ತೀರಾ’ ಅಂತ ಅಲ್ಲ. ರಂಗ ಪ್ರದರ್ಶನಕ್ಕೆ ಕೊಡುವ ಸಭಾಂಗಣದ ಬಾಡಿಗೆ ಬಗ್ಗೆ ಮಂಡಳಿಯ ಮುಂದೆ, ಅಥವಾ ಅದರ ದರ ಪರಿಶೀಲನಾ ಸಮಿತಿಯ ಮುಂದೆ, ವಿಷಯ ಯಾವತ್ತಾದರೂ ಬಂದಿತ್ತಾ? ಬಂದಿದ್ದರೆ ಯಾವ ಸಭೆಯಲ್ಲಿ? ಯಾವ ರಾಜ್ಯ ತಂದಿತ್ತು? ಏನು ಹೇಳಿ ಕೈಬಿಟ್ಟರು? ಈ ನಾಲ್ಕಕ್ಕೂ ‘ಮಂಡಳಿ ತೀರ್ಮಾನಿಸುತ್ತದೆ’ ಅನ್ನುವುದು ಉತ್ತರ ಆಗುವುದಿಲ್ಲ.

ಆದರೆ ಅದಕ್ಕೂ ಮುಂಚೆ ನಿಮ್ಮ ಕಷ್ಟ ನಿಜವಾಗಿ ಎಲ್ಲಿದೆ ಅಂತ ಗುರುತಿಸಬೇಕು. ನಿಮ್ಮ ಕರಡು ಓದಿದರೆ ನಾಟಕಕ್ಕೇ ತೆರಿಗೆ ಇದೆ ಅನ್ನಿಸುತ್ತದೆ. ಹಾಗಿಲ್ಲ. ನಾಟಕ, ನೃತ್ಯ, ಸಂಗೀತ ಕಛೇರಿಗೆ ತಲೆಗೆ 500 ರೂಪಾಯಿ ತನಕದ ಟಿಕೆಟ್‌ಗೆ ಜಿಎಸ್‌ಟಿ ಇಲ್ಲ. 2017ರಲ್ಲಿ ಈ ಮಿತಿ 250 ಇತ್ತು, 2018ರ ಜನವರಿಯಲ್ಲಿ 500ಕ್ಕೆ ಏರಿಸಿದರು. ಜಾನಪದ ಅಥವಾ ಶಾಸ್ತ್ರೀಯ ಪ್ರಕಾರದ ಸಂಗೀತ, ನೃತ್ಯ, ರಂಗಕಲೆ ಪ್ರದರ್ಶಿಸುವ ಕಲಾವಿದರ ಸಂಭಾವನೆಗೆ ಒಂದೂವರೆ ಲಕ್ಷ ರೂಪಾಯಿ ತನಕ ವಿನಾಯಿತಿ ಇದೆ. ಕೈಯಲ್ಲಿ ಮಾಡಿದ ದೇಸೀ ವಾದ್ಯಗಳಿಗೆ ತೆರಿಗೆ ಸೊನ್ನೆ. ಮುದ್ರಿತ ಪುಸ್ತಕಕ್ಕೂ ಸೊನ್ನೆ. ಸಂರಕ್ಷಿತ ಸ್ಮಾರಕದ ಪ್ರವೇಶಕ್ಕೂ, ವಸ್ತುಸಂಗ್ರಹಾಲಯದ ಪ್ರವೇಶಕ್ಕೂ ಇಲ್ಲ. ನೀವು ‘ಪೂರ್ತಿ ವಿನಾಯಿತಿ’ ಕೇಳಿದರೆ ಅಧಿಕಾರಿಗಳು ಈ ಪಟ್ಟಿಯನ್ನೇ ನಿಮ್ಮ ಮುಂದೆ ಹರಡುತ್ತಾರೆ. ಓದಿದವರು ‘ಇಷ್ಟೆಲ್ಲ ಕೊಟ್ಟಿದ್ದಾರಲ್ಲ, ಇನ್ನೇನು ಬೇಕಂತೆ?’ ಅಂದುಕೊಳ್ಳುತ್ತಾರೆ.

ನಿಮಗೆ ಹೊರೆ ಆಗಿರುವುದು ಟಿಕೆಟ್ಟಿನ ಕಡೆ ಅಲ್ಲ, ಖರ್ಚಿನ ಕಡೆ. ಬಾಡಿಗೆ 20,000 ರೂಪಾಯಿ ಅಂದುಕೊಳ್ಳಿ. ಸಭಾಂಗಣದವರು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಅದರ ಮೇಲೆ 3,600 ತೆರಿಗೆ. ಧ್ವನಿ, ಬೆಳಕಿನ ಬಾಡಿಗೆ ಮೇಲೂ ಹೀಗೇ. ವ್ಯಾಪಾರ ಮಾಡುವ ಕಂಪನಿಯಾದರೆ ಕಟ್ಟಿದ ತೆರಿಗೆಯನ್ನು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಅಂತ ತನ್ನ ತೆರಿಗೆಯಲ್ಲಿ ಮುರಿದುಕೊಳ್ಳುತ್ತದೆ. ನಿಮಗೆ ಆ ದಾರಿ ಇಲ್ಲ. ವರ್ಷದ ವಹಿವಾಟು 20 ಲಕ್ಷದ ಒಳಗಿರುವ ತಂಡ ನೋಂದಣಿಯೇ ಮಾಡಿಸಿರುವುದಿಲ್ಲ. ಮಾಡಿಸಿದರೂ ಟಿಕೆಟ್‌ಗೆ ವಿನಾಯಿತಿ ಇರುವುದರಿಂದ ಕ್ರೆಡಿಟ್ ಸಿಗುವುದಿಲ್ಲ. ಅಂದರೆ ಟಿಕೆಟ್‌ಗೆ ವಿನಾಯಿತಿ ಕೊಟ್ಟರೂ ಬಾಡಿಗೆಯ ತೆರಿಗೆ ತಂಡದ ಜೇಬಿನಲ್ಲೇ ಉಳಿಯುತ್ತದೆ. ಹೇಳಬೇಕಾದ ವಿಷಯ ಇದು. ಇದನ್ನು ಸರಿಯಾಗಿ ಬರೆದರೆ ಅಧಿಕಾರಿ ಕೂಡ ಒಮ್ಮೆ ನಿಂತು ಓದುತ್ತಾರೆ.

ಇನ್ನೊಂದು ಬಿರುಕು ಆ ‘ಜಾನಪದ ಅಥವಾ ಶಾಸ್ತ್ರೀಯ’ ಅನ್ನುವ ಷರತ್ತಿನಲ್ಲಿದೆ. ಯಕ್ಷಗಾನ, ದೊಡ್ಡಾಟ ಅದರೊಳಗೆ ಬರುತ್ತವೆ. ನೀವು ಆಡುವ ಹೊಸ ನಾಟಕ ಬರುವುದಿಲ್ಲ. ಸೇವಾ ತೆರಿಗೆ ಇದ್ದ ಕಾಲದಲ್ಲೇ ಆಧುನಿಕ ರಂಗಭೂಮಿ ಇದರಿಂದ ಹೊರಗೆ ಅಂತ ಇಲಾಖೆ ಹೇಳಿಕೊಂಡು ಬಂದಿದೆ. ನೋಂದಣಿ ಮಿತಿಯ ಒಳಗಿರುವ ಬಹುಪಾಲು ಕಲಾವಿದರಿಗೆ ಇದು ತಟ್ಟುವುದಿಲ್ಲ ನಿಜ. ಆದರೂ ಬಯಲಾಟಕ್ಕೆ ಒಂದು ನಿಯಮ, ಹೊಸ ನಾಟಕಕ್ಕೆ ಇನ್ನೊಂದು ಯಾಕೆ ಅನ್ನುವುದು ಸಂಸ್ಕೃತಿ ಸಚಿವರಿಗೇ ಕೇಳಬಹುದಾದ ಪ್ರಶ್ನೆ. ‘ಈ ವ್ಯತ್ಯಾಸ ತೆಗೆಯಲು ನಿಮ್ಮ ಸಚಿವಾಲಯ ಹಣಕಾಸು ಸಚಿವಾಲಯಕ್ಕೆ ಏನಾದರೂ ಬರೆದಿದೆಯೇ, ಯಾವ ದಿನಾಂಕದಲ್ಲಿ?’ ಅಂತ. ಹೀಗೆ ಕೇಳಿದರೆ ಅವರ ಬಾಗಿಲೂ ಸರಿಯಾದ ಬಾಗಿಲೇ.

ಈಗ ಲೋಕಸಭೆಯಲ್ಲಿ ಇದು ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಸಚಿವಾಲಯಗಳನ್ನು ಐದು ಗುಂಪು ಮಾಡಿ ವಾರದ ಐದು ದಿನಕ್ಕೆ ಹಂಚಿರುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಹಣಕಾಸು, ಸಂಸ್ಕೃತಿ ಎರಡೂ ಸೋಮವಾರ. ಪ್ರಶ್ನೋತ್ತರ ವೇಳೆ ಬೆಳಿಗ್ಗೆ 11ರಿಂದ 12. ರಾಜ್ಯಸಭೆಯಲ್ಲಿ 2014ರಿಂದ ಮಧ್ಯಾಹ್ನ 12ಕ್ಕೆ ಶುರು. ಒಂದು ದಿನಕ್ಕೆ ಲೋಕಸಭೆಯಲ್ಲಿ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ರಹಿತ ಪ್ರಶ್ನೆ. ಚುಕ್ಕೆ ಇದ್ದರೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರ ಕೊಡಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದಿದ್ದರೆ ಲಿಖಿತ ಉತ್ತರ ಮಾತ್ರ. ಯಾರ ಪ್ರಶ್ನೆ ಪಟ್ಟಿಗೆ ಬರುತ್ತದೆ ಅನ್ನುವುದು ಚೀಟಿ ಎತ್ತಿದ ಹಾಗೆ, ಅದೃಷ್ಟ.

ಎಲ್ಲರಿಗೂ ಚುಕ್ಕೆ ಗುರುತಿನ ಮೇಲೇ ಕಣ್ಣು. ಟಿವಿಯಲ್ಲಿ ಬರುತ್ತದಲ್ಲ. ಆದರೆ ಪಟ್ಟಿಯಲ್ಲಿ ಹನ್ನೆರಡನೆಯದೋ ಹದಿನೈದನೆಯದೋ ಆಗಿ ಕೂತರೆ ಸರದಿ ಬರುವುದೇ ಇಲ್ಲ. ಮೊದಲ ಕೆಲವಕ್ಕೇ ಗಂಟೆ ಮುಗಿಯುತ್ತದೆ. ಗದ್ದಲ ಎದ್ದರೆ ಅದೂ ಇಲ್ಲ. 2019ರ ನವೆಂಬರ್ 27ರಂದು ಲೋಕಸಭೆ ಒಂದೇ ದಿನ ಇಪ್ಪತ್ತೂ ಪ್ರಶ್ನೆ ಮುಗಿಸಿತು. ಅದೇ ಸುದ್ದಿಯಾಯಿತು, ಯಾಕೆಂದರೆ ಹಿಂದೆ ಹಾಗೆ ಆಗಿದ್ದು 1972ರಲ್ಲಿ! ಸರದಿ ಬಾರದ ಚುಕ್ಕೆ ಪ್ರಶ್ನೆಗೂ ಲಿಖಿತ ಉತ್ತರ ಸಿಗುತ್ತದೆ ಅನ್ನುವುದು ಸಮಾಧಾನ.

ನಿಮ್ಮ ಕೆಲಸಕ್ಕೆ ನಾನು ಚುಕ್ಕೆ ರಹಿತ ಪ್ರಶ್ನೆಯನ್ನೇ ಸೂಚಿಸುತ್ತೇನೆ. ನಿಮಗೆ ಬೇಕಿರುವುದು ಅಂಕಿ, ದಿನಾಂಕ, ಕಾಗದ. ಅದು ಬಾಯಿಮಾತಿಗಿಂತ ಅನುಬಂಧದಲ್ಲಿ ಚೆನ್ನಾಗಿ ಬರುತ್ತದೆ. ಚುಕ್ಕೆ ಪ್ರಶ್ನೆಯ ನಿಜವಾದ ಬಲ ಇರುವುದು ಉಪಪ್ರಶ್ನೆಯಲ್ಲಿ, ಅದಕ್ಕೆ ವಿಷಯವನ್ನು ಅರೆದು ಕುಡಿದ ಸದಸ್ಯರು ಬೇಕು. 1957ರಲ್ಲಿ ಜೀವ ವಿಮಾ ನಿಗಮದ ದುಡ್ಡು ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳಿಗೆ ಹೋದದ್ದು ಹೊರಬಂದದ್ದು ಹಾಗೆ. ಸಂಸತ್ತಿನಲ್ಲಿ ಪ್ರಶ್ನೆ ಎದ್ದಿತು, ಸಂಸದ ಫಿರೋಜ್ ಗಾಂಧಿ ಬೆನ್ನು ಬಿಡಲಿಲ್ಲ. ವಿಚಾರಣಾ ಆಯೋಗ ಕೂತಿತು. 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಅಂಥದ್ದು ದಿನಾ ಆಗುವುದಿಲ್ಲ, ನಿಮ್ಮ ಸಭಾಂಗಣದ ಬಾಡಿಗೆಗೆ ಯಾರೂ ರಾಜೀನಾಮೆ ಕೊಡುವುದೂ ಬೇಡ.

ಉತ್ತರ ಬರೆಯುವವರು ಸಚಿವರಲ್ಲ ಅನ್ನುವುದು ನಿಮಗೂ ಗೊತ್ತು. ಪ್ರಶ್ನೆ ಇಲಾಖೆಯ ಶಾಖೆಗೆ ಬರುತ್ತದೆ, ಶಾಖಾಧಿಕಾರಿ ಕರಡು ಮಾಡುತ್ತಾರೆ, ಅದು ಒಂದೊಂದೇ ಮೇಜು ಹತ್ತಿ ಸಚಿವರ ಸಹಿಗೆ ಹೋಗುತ್ತದೆ. ನಮ್ಮ ವಿಧಾನಮಂಡಲದ ಉತ್ತರದ ಹಾಳೆ ನೋಡಿದ್ದೀರಾ? ಮೇಲೆ ಪ್ರಶ್ನೆಯ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸುವ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಕೋಷ್ಟಕ. ಎಡಗಡೆ ಪ್ರಶ್ನೆಯ (ಅ), (ಆ), (ಇ) ಭಾಗಗಳು, ಬಲಗಡೆ ಉತ್ತರ. ‘(ಅ) ... ಸರ್ಕಾರದ ಗಮನಕ್ಕೆ ಬಂದಿದೆಯೇ?’ ಅಂತ ಎಡಗಡೆ ಇದ್ದರೆ ಬಲಗಡೆ ಒಂದೇ ಪದ: ‘ಬಂದಿದೆ.’ ಒಂದು ಭಾಗ ದಂಡ. ಅದೇ ‘ಗಮನಕ್ಕೆ ಬಂದಿರುವುದಿಲ್ಲ’ ಅಂತ ಬಂದರೆ ಇನ್ನೂ ಕಷ್ಟ. ಮುಂದಿನ (ಆ), (ಇ) ಎರಡಕ್ಕೂ ‘ಉದ್ಭವಿಸುವುದಿಲ್ಲ’ ಅಂತ ಬರೆದು ಹಾಳೆ ಮುಗಿಸುತ್ತಾರೆ. ನೀವು ಓದಿ ಬೇಸರಪಟ್ಟ ಪದ ಹುಟ್ಟುವುದು ಹೀಗೆ. ಮೊದಲ ಭಾಗಕ್ಕೆ ನೇತುಹಾಕಿ ಉಳಿದ ಭಾಗ ಬರೆದರೆ ಮೊದಲನೆಯದು ಬಿದ್ದಾಗ ಎಲ್ಲವೂ ಬೀಳುತ್ತವೆ. ‘ಹಾಗಿದ್ದಲ್ಲಿ’ ಅಂತ ಶುರುವಾಗುವ ಭಾಗ ಆದಷ್ಟೂ ಬೇಡ. ಪ್ರತಿ ಭಾಗವೂ ತನ್ನ ಕಾಲ ಮೇಲೆ ನಿಲ್ಲಬೇಕು.

ಉಳಿದ ಸಿದ್ಧ ಮಾತುಗಳಲ್ಲಿ ಎಲ್ಲವೂ ಒಂದೇ ಅಲ್ಲ. ‘ಪ್ರಸ್ತಾವ ಇಲ್ಲ’ ಅಂದರೆ ಬಾಗಿಲು ಮುಚ್ಚಿದೆ, ಸದ್ಯಕ್ಕೆ. ‘ಪರಿಶೀಲನೆಯಲ್ಲಿದೆ’ ಅಥವಾ ‘ಮಾಹಿತಿ ಸಂಗ್ರಹಿಸಿ ಸದನದ ಮುಂದೆ ಇಡಲಾಗುವುದು’ ಅಂದರೆ ಖುಷಿಪಡಿ. ಇವು ಜಾರಿಕೊಳ್ಳುವ ಮಾತಿನ ಹಾಗೆ ಕಾಣುತ್ತವೆ, ಆದರೆ ಸಂಸತ್ತಿನ ಲೆಕ್ಕದಲ್ಲಿ ಇವು ಭರವಸೆ. ಇಂಥ ಮಾತುಗಳ ಪಟ್ಟಿಯೇ ಇದೆ. 1953ರಿಂದ ಲೋಕಸಭೆಯಲ್ಲಿ ಸರ್ಕಾರದ ಭರವಸೆಗಳ ಸಮಿತಿ ಅಂತ ಒಂದು ಇದೆ, 15 ಸದಸ್ಯರದ್ದು. ಸಚಿವರ ಬಾಯಿಂದ ಬಂದ ಭರವಸೆಗಳನ್ನು ಆರಿಸಿ ಪಟ್ಟಿ ಮಾಡಿ, ಮೂರು ತಿಂಗಳೊಳಗೆ ಏನಾಯಿತು ಅಂತ ಇಲಾಖೆಯನ್ನು ಕೇಳುತ್ತದೆ. ಇಲಾಖೆ ಸಮಯ ಕೇಳುತ್ತದೆ, ಮತ್ತೆ ಕೇಳುತ್ತದೆ, ವರ್ಷಗಟ್ಟಲೆ ಎಳೆಯುವುದೂ ಉಂಟು. ಆದರೂ ಕಡತ ಮುಚ್ಚುವುದಿಲ್ಲ. ಅದಕ್ಕೇ ಚುರುಕಾದ ಅಧಿಕಾರಿಗಳು ‘ಪರಿಶೀಲಿಸುತ್ತೇವೆ’ ಅಂತ ಬರೆಯಲು ಹೆದರುತ್ತಾರೆ, ‘ಪ್ರಸ್ತಾವ ಇಲ್ಲ’ ಅಂತ ಬರೆದು ಬಚಾವಾಗುತ್ತಾರೆ. ನಮ್ಮ ವಿಧಾನಸಭೆ, ವಿಧಾನ ಪರಿಷತ್ತಿನಲ್ಲೂ ಭರವಸೆಗಳ ಸಮಿತಿಗಳಿವೆ.

ತಪ್ಪು ಮಾಹಿತಿ ಕೊಟ್ಟರೆ? ಲೋಕಸಭೆಯಲ್ಲಿ ಸ್ಪೀಕರ್ ಅವರ ನಿರ್ದೇಶನ 115ರ ಅಡಿ ಸದಸ್ಯರು ತಪ್ಪನ್ನು ಬರೆದು ತಿಳಿಸಬಹುದು. ಸಚಿವರೇ ಗೊತ್ತಾಗಿ ಹಿಂದಿನ ಉತ್ತರವನ್ನು ತಿದ್ದುವ ಹೇಳಿಕೆ ಕೊಡುವುದೂ ಇದೆ. ಬೇಕಂತಲೇ ಸದನದ ದಾರಿ ತಪ್ಪಿಸಿದರೆ ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ ಆರೋಪದ, ಮಾತು ಬರುತ್ತದೆ. ಹಾಗಾಗಿ ಉತ್ತರದಲ್ಲಿ ಶುದ್ಧ ಸುಳ್ಳು ಕಮ್ಮಿ, ಅರ್ಧ ನಿಜ ಜಾಸ್ತಿ.

ಅಂಕಿ ಕೇಳಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ‘ನಮ್ಮ ಸ್ಮಾರಕಗಳನ್ನು ಸರ್ಕಾರ ಚೆನ್ನಾಗಿ ನೋಡಿಕೊಳ್ಳುತ್ತಿದೆಯೇ?’ ಅಂತ ಕೇಳಿದರೆ ‘ಹೌದು, ಕಾಲಕಾಲಕ್ಕೆ ಸಂರಕ್ಷಣೆ ಮಾಡಲಾಗುತ್ತಿದೆ’ ಅಂತ ಬರುತ್ತದೆ. ಆದರೆ 2013ರಲ್ಲಿ ಮಹಾಲೇಖಪಾಲರ ವರದಿ 92 ಸಂರಕ್ಷಿತ ಸ್ಮಾರಕಗಳು ಸ್ಥಳದಲ್ಲಿ ಇಲ್ಲ ಅಂತ ಹೇಳಿತು. ಆಮೇಲೆ ಎಣಿಸುವ ಮಾತು ಬಂತು. ಸಂಸತ್ತಿನ ಸ್ಥಾಯಿ ಸಮಿತಿ ಕೇಳಿದಾಗ ಸಂಸ್ಕೃತಿ ಸಚಿವಾಲಯ ಬಿಡಿಸಿ ಲೆಕ್ಕ ಕೊಡಬೇಕಾಯಿತು: 3,693ರಲ್ಲಿ 50 ಕಾಣೆ, ಅದರಲ್ಲಿ 14 ಊರು ಬೆಳೆದು ನುಂಗಿದ್ದು, 12 ಅಣೆಕಟ್ಟಿನ ನೀರಿನಡಿ ಹೋದದ್ದು, 24 ಎಲ್ಲಿವೆಯೋ ಪತ್ತೆಯೇ ಇಲ್ಲ. ಸ್ಮಾರಕ ಕಾಣೆಯಾಗುವುದು ಅಂದರೆ ಏನು ಸ್ವಾಮಿ! ಆದರೆ ಆ ‘24’ ಈಗ ಸರ್ಕಾರದ ಸ್ವಂತ ಅಂಕಿ. ಯಾರೂ ಅಲ್ಲಗಳೆಯುವ ಹಾಗಿಲ್ಲ.

ತೆರಿಗೆಯಲ್ಲೂ ಹಾಗೇ. ‘ಕರ್ನಾಟಕಕ್ಕೆ ಅನ್ಯಾಯ ಆಗುತ್ತಿದೆಯೇ’ ಅಂದರೆ ‘ಇಲ್ಲ’. ಅದೇ, ಕೇಂದ್ರದ ತೆರಿಗೆ ಹಂಚಿಕೆಯಲ್ಲಿ ರಾಜ್ಯದ ಪಾಲು 14ನೇ ಹಣಕಾಸು ಆಯೋಗದಲ್ಲಿ ಎಷ್ಟು, 15ನೆಯದರಲ್ಲಿ ಎಷ್ಟು, ರಾಜ್ಯಗಳ ಜತೆ ಹಂಚಿಕೊಳ್ಳದ ಸೆಸ್, ಸರ್‌ಚಾರ್ಜ್ ವರ್ಷವಾರು ಎಷ್ಟು ಸಂಗ್ರಹವಾಯಿತು ಅಂತ ಕೇಳಿದರೆ ಕೋಷ್ಟಕ ಬರುತ್ತದೆ. ಶೇ. 4.713 ಇದ್ದದ್ದು ಶೇ. 3.647 ಆಯಿತು ಅನ್ನುವುದು ಹಾಗೆ ಕಣ್ಣಿಗೆ ಬೀಳುತ್ತದೆ. ವಾದ ಆಮೇಲೆ ಹೊರಗೆ ಮಾಡಿಕೊಳ್ಳಬಹುದು. ಒಂದು ಎಚ್ಚರ: ಇಂಥ ನಟರು, ಇಂಥ ನಿರ್ಮಾಪಕರು ಎಷ್ಟು ತೆರಿಗೆ ಕಟ್ಟಿದರು ಅಂತ ಕೇಳಬೇಡಿ. ಒಬ್ಬೊಬ್ಬ ತೆರಿಗೆದಾರರ ವಿವರ ಗೋಪ್ಯ ಅಂತ ಕಾನೂನೇ ಹೇಳುತ್ತದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಶಾಸಕರನ್ನು ಹಿಡಿಯೋದು ವಾಸಿಯಾ ಅಂತ. ನನ್ನನ್ನು ಕೇಳಿದರೆ ಹೌದು. ಸಂಸದರನ್ನು ಬಿಡಬೇಡಿ, ಆದರೆ ಬೇಗ ಫಲ ಸಿಗಬಹುದಾದದ್ದು ವಿಧಾನಸೌಧದಲ್ಲಿ.

ಯಾಕೆ ಗೊತ್ತಾ? ಜಿಎಸ್‌ಟಿ ದರ ಬದಲಿಸಲು ಮಂಡಳಿ ಬೇಕು. ಬಾಡಿಗೆ ಬದಲಿಸಲು ಯಾವ ಮಂಡಳಿಯೂ ಬೇಡ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ ಆಗಲಿ, ಜಿಲ್ಲೆಗಳಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ನಡೆಸುವ ರಂಗಮಂದಿರಗಳಾಗಲಿ, ಅವುಗಳ ಬಾಡಿಗೆ ತೀರ್ಮಾನಿಸುವುದು ರಾಜ್ಯ ಸರ್ಕಾರವೇ. ಹವ್ಯಾಸಿ ತಂಡಕ್ಕೆ ಬಾಡಿಗೆ ಅರ್ಧಕ್ಕಿಳಿದರೆ ಅದರ ಮೇಲಿನ ತೆರಿಗೆಯೂ ಅರ್ಧಕ್ಕಿಳಿಯಿತು. ಇನ್ನೊಂದು ದಾರಿಯೂ ಇದೆ. ಆ ಶೇ. 18ರಲ್ಲಿ 9 ರಾಜ್ಯದ ಪಾಲು. ಜಿಎಸ್‌ಟಿ ಬರುವ ಮೊದಲು ಕರ್ನಾಟಕದಲ್ಲಿ ಕನ್ನಡ ಚಿತ್ರಗಳಿಗೆ ಮನರಂಜನಾ ತೆರಿಗೆ ವಿನಾಯಿತಿ ಇತ್ತು. 2017ರ ಜುಲೈ 1ರಿಂದ ಆ ಅಧಿಕಾರ ಹೋಯಿತು. ಆದರೂ ಕೆಲವು ಚಿತ್ರಗಳಿಗೆ ರಾಜ್ಯಗಳು ತಮ್ಮ ಪಾಲಿನ ತೆರಿಗೆಯನ್ನು ಬಿಟ್ಟುಕೊಟ್ಟಿವೆ, ಕರ್ನಾಟಕವೂ ಬಿಟ್ಟುಕೊಟ್ಟಿದೆ. ಸಿನಿಮಾಕ್ಕೆ ಮಾಡಿದ್ದನ್ನು ನಾಟಕಕ್ಕೆ ಅನುದಾನದ ರೂಪದಲ್ಲಾದರೂ ಮಾಡಬಹುದಲ್ಲ ಅನ್ನುವುದು ನ್ಯಾಯವಾದ ಬೇಡಿಕೆ.

ಅಷ್ಟೇ ಅಲ್ಲ. 2024ರಲ್ಲಿ ನಮ್ಮ ವಿಧಾನಮಂಡಲ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣ ಮಸೂದೆ ಒಪ್ಪಿತು. ಸಿನಿಮಾ ಟಿಕೆಟ್, ಒಟಿಟಿ ಚಂದಾದ ಮೇಲೆ ಶೇ. 1ರಿಂದ 2ರ ತನಕ ಸೆಸ್ ಹಾಕಲು ಅದರಲ್ಲಿ ಅವಕಾಶ ಇದೆ. ಸಂಸ್ಕೃತಿ, ತೆರಿಗೆ ಎರಡೂ ಒಂದೇ ಕಾಯ್ದೆಯಲ್ಲಿ! ಎಷ್ಟು ಸಂಗ್ರಹವಾಯಿತು, ಯಾವ ಖಾತೆಯಲ್ಲಿದೆ, ರಂಗಭೂಮಿಯ ಎಷ್ಟು ಜನ ಫಲಾನುಭವಿಗಳಾಗಿ ನೋಂದಣಿಯಾಗಿದ್ದಾರೆ ಅಂತ ಪ್ರತಿ ಅಧಿವೇಶನದಲ್ಲೂ ಯಾರಾದರೂ ಕೇಳುತ್ತಿರಬೇಕು. ನಿಮ್ಮ ಶಾಸಕರೇ ಆಗಲಿ ಅದು.

ಹಾಗಾಗಿ ಎರಡು ಕರಡು ಮಾಡಿಕೊಡುತ್ತೇನೆ. ಸಂಸದರಿಗೆ, ಹಣಕಾಸು ಸಚಿವರಿಂದ ಉತ್ತರ ಬಯಸಿ, ಚುಕ್ಕೆ ರಹಿತ:

‘(ಎ) 500 ರೂಪಾಯಿವರೆಗಿನ ಟಿಕೆಟ್‌ಗೆ ವಿನಾಯಿತಿ ಇರುವ ರಂಗ ಪ್ರದರ್ಶನಗಳ ಸಭಾಂಗಣ ಬಾಡಿಗೆ, ಧ್ವನಿ ಹಾಗೂ ಬೆಳಕಿನ ಸೇವೆಗಳ ಮೇಲಿನ ಜಿಎಸ್‌ಟಿ ದರಗಳ ವಿವರ, (ಬಿ) ಇಂಥ ಪ್ರದರ್ಶನ ನೀಡುವ, ನೋಂದಣಿ ಇಲ್ಲದ ತಂಡಗಳು ಆ ತೆರಿಗೆಯನ್ನು ಹಿಂಪಡೆಯಲು ಇರುವ ವ್ಯವಸ್ಥೆ ಏನು, (ಸಿ) ಈ ವಿಷಯ 2017ರಿಂದ ಈಚೆಗೆ ಜಿಎಸ್‌ಟಿ ಮಂಡಳಿ ಅಥವಾ ಅದರ ಸಮಿತಿಗಳ ಮುಂದೆ ಬಂದ ಸಭೆಗಳ ದಿನಾಂಕ, ಪ್ರಸ್ತಾಪಿಸಿದ ರಾಜ್ಯಗಳು ಮತ್ತು ಕೈಗೊಂಡ ತೀರ್ಮಾನ, (ಡಿ) ಸಂಸ್ಕೃತಿ ಸಚಿವಾಲಯದಿಂದ ಈ ಬಗ್ಗೆ ಬಂದ ಪತ್ರಗಳ ವಿವರ?’

ಶಾಸಕರಿಗೆ, ಕನ್ನಡ ಮತ್ತು ಸಂಸ್ಕೃತಿ ಸಚಿವರಿಂದ ಉತ್ತರ ಬಯಸಿ:

‘(ಅ) ಇಲಾಖೆಯ ಸಭಾಂಗಣ ಮತ್ತು ರಂಗಮಂದಿರಗಳ ಸದ್ಯದ ಬಾಡಿಗೆ ದರ ಎಷ್ಟು, (ಜಿಲ್ಲಾವಾರು ವಿವರ ನೀಡುವುದು) (ಆ) ಕಳೆದ ಮೂರು ವರ್ಷಗಳಲ್ಲಿ ಇವುಗಳನ್ನು ರಂಗ ಪ್ರದರ್ಶನಕ್ಕೆ ನೀಡಿದ ದಿನಗಳೆಷ್ಟು, ಇತರ ಸಮಾರಂಭಗಳಿಗೆ ನೀಡಿದ ದಿನಗಳೆಷ್ಟು, (ಇ) ಹವ್ಯಾಸಿ ತಂಡಗಳಿಗೆ ಬಾಡಿಗೆ ರಿಯಾಯಿತಿ ನೀಡುವ ಆದೇಶಗಳ ಪ್ರತಿ ಒದಗಿಸುವುದು, (ಈ) ರಾಜ್ಯದ ಪಾಲಿನ ಜಿಎಸ್‌ಟಿಗೆ ಸಮನಾದ ಮೊತ್ತವನ್ನು ಈ ತಂಡಗಳಿಗೆ ಅನುದಾನವಾಗಿ ನೀಡುವ ಬಗ್ಗೆ ಆರ್ಥಿಕ ಇಲಾಖೆಯೊಂದಿಗೆ ನಡೆದ ಪತ್ರ ವ್ಯವಹಾರದ ವಿವರ?’

(ಆ) ಭಾಗವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ರಂಗಮಂದಿರದಲ್ಲಿ ನಾಟಕ ಎಷ್ಟು ದಿನ, ಸನ್ಮಾನ ಸಮಾರಂಭ ಎಷ್ಟು ದಿನ ಅನ್ನುವ ಅಂಕಿ ಹೊರಬಂದರೆ ನಿಮ್ಮ ವಾದವನ್ನು ಅದೇ ಮಾಡುತ್ತದೆ.

ಕೆಲವು ಚಿಲ್ಲರೆ ವಿಷಯ. ಲೋಕಸಭೆಗೆ ಪೂರ್ತಿ 15 ದಿನ ಮುಂಚೆ ಪ್ರಶ್ನೆಯ ಸೂಚನೆ ಹೋಗಬೇಕು, ಅಧಿವೇಶನ ಶುರುವಾದ ಮೇಲೆ ಓಡಿದರೆ ಆಗದು. ನಿಮ್ಮ ಸಂಸದರೋ ಶಾಸಕರೋ ಮಂತ್ರಿಯಾಗಿದ್ದರೆ ಅವರು ಪ್ರಶ್ನೆ ಕೇಳುವ ಹಾಗಿಲ್ಲ, ಪಕ್ಕದ ಕ್ಷೇತ್ರದವರನ್ನು ಹುಡುಕಿ. ವಿಧಾನ ಪರಿಷತ್ ಸದಸ್ಯರನ್ನೂ ಮರೆಯಬೇಡಿ. ಪ್ರಶ್ನೆ ಕೇಳಿಸಲು ಯಾರಿಗೂ ಏನೂ ಕೊಡಬೇಕಿಲ್ಲ. 2005ರಲ್ಲಿ ಪ್ರಶ್ನೆಗಾಗಿ ಕಾಸು ತೆಗೆದುಕೊಂಡ ಪ್ರಕರಣದಲ್ಲಿ 11 ಸಂಸದರು ಸ್ಥಾನ ಕಳೆದುಕೊಂಡರು.

ಲೋಕಸಭೆಯಿಂದ ಬಂದ ಉತ್ತರ ಅರೆಬರೆಯಾಗಿದ್ದರೆ ಅಲ್ಲಿಗೆ ಬಿಡಬೇಡಿ. ನಿಯಮ 55ರ ಅಡಿ ಅರ್ಧ ಗಂಟೆ ಚರ್ಚೆ ಕೇಳಬಹುದು, ಸಿಗುವುದು ಕಷ್ಟ. ನಿಯಮ 377ರ ಅಡಿ ವಿಷಯ ಪ್ರಸ್ತಾಪಿಸುವುದು ಸುಲಭ, ಅದಕ್ಕೆ ಸಚಿವಾಲಯ ಆಮೇಲೆ ಸದಸ್ಯರಿಗೆ ಲಿಖಿತ ಉತ್ತರ ಕಳಿಸುತ್ತದೆ. ಉತ್ತರದಲ್ಲಿ ಯಾವ ಸಭೆಯ, ಯಾವ ಪತ್ರದ ಹೆಸರು ಬಂದಿದೆಯೋ ಅದರ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ನೀವೇ ಕೇಳಬಹುದು. ದಿನಾಂಕ ಗೊತ್ತಿರುವ ಕಾಗದವನ್ನು ‘ಲಭ್ಯವಿಲ್ಲ’ ಅನ್ನುವುದು ಕಷ್ಟ.

ಕರಡು ಕೊಡಲು ಹೋಗುವಾಗ ನಿಮ್ಮ ತಂಡದ ಮೂರು ನಾಲ್ಕು ಸಭಾಂಗಣದ ಬಿಲ್ಲುಗಳ ನಕಲನ್ನೂ ಲಗತ್ತಿಸಿ, ತೆರಿಗೆಯ ಸಾಲಿಗೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿ. ಅವರ ಆಪ್ತ ಸಹಾಯಕರ ಫೋನ್ ನಂಬರ್ ಇಸಿದುಕೊಳ್ಳಿ. ಪ್ರಶ್ನೆಯ ಸಂಖ್ಯೆ ಬಂತಾ ಅಂತ ವಿಚಾರಿಸಬೇಕಾಗುವುದು ಅವರನ್ನೇ.